ರೆಪ್ಪೆ ಏಳದವನ ಮೇಲೊಂದು ವಿಚಾರಣೆ

ಶಿವಮೊಗ್ಗದಲ್ಲಿ ನರರೋಗದ ಡಾಕ್ಟರಾಗಿ ಕೂತ ನನಗೆ ನಗು ಬರುವುದೆಲ್ಲ ನಗಬಾರದ ಹೊತ್ತಿನಲ್ಲೇ. ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಭದ್ರಾವತಿಯ ಕಾರ್ಮಿಕನೊಬ್ಬನ ವಿಷಯದಲ್ಲಂತೂ ಮತ್ತೆ ಮತ್ತೆ ಹಾಗಾಯಿತು.

ಮೆಮೊ

ಆತ ಗದ್ದ ಮೇಲೆತ್ತಿಕೊಂಡೇ ಒಳಗೆ ಬಂದ. ಕೈಯಲ್ಲಿ ಕಾರ್ಖಾನೆಯ ಮೆಮೊ: ಡ್ಯೂಟಿಯಲ್ಲಿ ನಿದ್ದೆ, ಮೂರನೇ ಸಲ. ತಿಂಗಳ ಕೊನೆಗೆ ವಿಚಾರಣೆ. ಸೋತರೆ ಕೆಲಸ ಹೋಗುತ್ತದೆ.

"ನಿದ್ದೆ ಮಾಡಿಲ್ಲ ಸಾರ್. ಮೆಟ್ಟಿಲು ಹತ್ತಿದ್ರೆ ಕಾಲು ಸೋಲುತ್ತೆ, ಅಷ್ಟೆ."

ಟಾರ್ಚ್ ಹಿಡಿದು, "ಕಣ್ಣು ತೆಗೀರಿ" ಅಂದೆ.

"ತೆಗೆದೇ ಇದೀನಿ ಸಾರ್."

ಐಸ್ ಡಬ್ಬ

ಜೀವಕೋಶಗಳಿಗೆ ಶಕ್ತಿ ತಯಾರಿಸಿಕೊಡುವ ಮೈಟೊಕಾಂಡ್ರಿಯಾ ಕೆಟ್ಟಿರಬೇಕೆಂದು ನನಗೆ ಅನುಮಾನ. ಆತನ ತೊಡೆಯ ಸ್ನಾಯುವಿನ ಚೂರೊಂದನ್ನು ಐಸಿನಲ್ಲಿಟ್ಟು ಬೆಂಗಳೂರಿನ ಲ್ಯಾಬಿಗೆ ಮುಟ್ಟಿಸಬೇಕು. ಐಸ್ ಕರಗಿದರೆ ಎಲ್ಲ ದಂಡ. ಯಾರನ್ನೂ ನಂಬದೆ ನಾನೇ ಬಸ್ಸು ಹತ್ತಿದೆ. ತರೀಕೆರೆ ದಾಟುವಾಗಲೇ ಡಬ್ಬದಿಂದ ನೀರು ಸೋರತೊಡಗಿತು.

"ಏನ್ರೀ ಅದು, ಮೀನಾ?" ಅಂದ ಕಂಡಕ್ಟರ್.

"ಅಲ್ಲಪ್ಪ, ಮನುಷ್ಯನ ಮಾಂಸ. ಬೇಗ ಐಸ್ ಬೇಕು."

ಕಡೂರಿನಲ್ಲಿ ಕಂಡಕ್ಟರೇ ಜ್ಯೂಸ್ ಅಂಗಡಿಗೆ ಓಡಿ ಐಸ್ ತಂದುಕೊಟ್ಟ. ಬಸ್ಸಿನ ತುಂಬ ಜನ ನಿಂತಿದ್ದರು. ಬೆಂಗಳೂರಿನವರೆಗೂ ನನ್ನ ಪಕ್ಕದ ಸೀಟಿಗೆ ಮಾತ್ರ ಯಾರೂ ಬರಲಿಲ್ಲ.

ಸಾಕ್ಷಿ

ವಿಚಾರಣೆಯ ಹಿಂದಿನ ದಿನ ವರದಿ ಬಂತು. ಅನುಮಾನ ನಿಜವಾಗಿತ್ತು. ಕಾಯಿಲೆಯಿಂದ ರೆಪ್ಪೆ ಜೋತುಬಿದ್ದಿದೆ ಎಂದು ಸರ್ಟಿಫಿಕೇಟ್ ಬರೆದು, ಮರುದಿನ ಅದನ್ನು ಹಿಡಿದು ನಾನೂ ಕಾರ್ಖಾನೆಗೆ ಹೋದೆ. ಮೆಮೊ ಕೊಟ್ಟ ಅಧಿಕಾರಿ ಜಗ್ಗಲಿಲ್ಲ.

"ಕಾಯಿಲೆ ಇರಬಹುದು ಡಾಕ್ಟ್ರೇ. ಆದ್ರೆ ಅವತ್ತು ಎಚ್ಚರ ಇದ್ದ ಅನ್ನೋದಕ್ಕೆ ಏನು ಸಾಕ್ಷಿ?"

ನನ್ನ ರೋಗಿ ಮೆಲ್ಲಗೆ, "ನೀವು ಅವತ್ತು ಫೋನಲ್ಲಿ ಮನೆಯವರ ಹತ್ರ ಏನೇನು ಬೈಸ್ಕೊಂಡ್ರಿ ಅಂತ ಹೇಳ್ಲಾ ಸಾರ್?" ಅಂದ.

"ಬೇಡ," ಅಂದರು ಅಧಿಕಾರಿ. "ಸಾಕ್ಷಿ ಸಾಕು."

ಕೆಲಸ ಉಳಿಯಿತು.

ತಾಯಿಯ ಪಾಲು

ಮರುವಾರ ಆತ ಹೆಂಡತಿಯನ್ನೂ ತಾಯಿಯನ್ನೂ ಕರೆತಂದ. ಪೂರ್ತಿ ವಾಸಿ ಮಾಡುವ ಮದ್ದಿಲ್ಲ, ವಿಟಮಿನ್ ಮಾತ್ರೆಗಳಿಂದ ಅಷ್ಟಿಷ್ಟು ಉಪಯೋಗವಾದೀತು, ರೆಪ್ಪೆ ಎತ್ತಿ ಹಿಡಿಯುವ ತಂತಿಯ ಕನ್ನಡಕ ಮಾಡಿಸೋಣ ಎಂದೆ.

ಹೆಂಡತಿಗೆ ಅದ್ಯಾವುದೂ ಬೇಕಿರಲಿಲ್ಲ. "ನಮ್ಮ ಮಗಳಿಗೂ ಬರುತ್ತಾ ಸಾರ್?"

"ಇಲ್ಲಮ್ಮ. ಇವರಿಗಿರೋ ಬಗೆ ತಾಯಿಯಿಂದ ಮಾತ್ರ ಬರೋದು. ತಂದೆಯಿಂದ ಮಕ್ಕಳಿಗೆ ದಾಟಲ್ಲ."

ಆಕೆ ಸದ್ಯ ಎಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಆಗ ನನಗೆ ಆತನ ತಾಯಿಯೂ ಅಲ್ಲೇ ಇರುವುದು ನೆನಪಾಯಿತು. ಅವರು ಗೋಡೆ ನೋಡುತ್ತ ಕೂತಿದ್ದರು. ಎಂಥ ಮಾತು ಆಡಿಬಿಟ್ಟೆ ಎನಿಸಿ ಅವರತ್ತ ತಿರುಗಿದೆ.

"ಇದರಲ್ಲಿ ನಿಮ್ಮ ತಪ್ಪೇನೂ ಇಲ್ಲಮ್ಮ."

ಅವರು ಕೇಳಿದರು: "ಇವನ ಸಿಟ್ಟೂ ನನ್ನಿಂದ್ಲೇ ಬಂದಿದ್ದಾ?"

"ಅದಕ್ಕೂ ಇದಕ್ಕೂ ಸಂಬಂಧ ಇಲ್ಲ."

"ಹಾಗಾದ್ರೆ ಅದು ಅವರಪ್ಪಂದು. ಹಾಗಂತ ಒಂದು ಸರ್ಟಿಫಿಕೇಟ್ ಬರ್ಕೊಡಿ. ಮನೇಲಿದ್ದಾರೆ, ತೋರಿಸ್ತೀನಿ."