ಕಾಣದ ಮಷೀನಿಗೂ ಸರ್ಟಿಫಿಕೇಟು

ಕಣ್ಣಿಗೆ ಬೀಳದೆ ಎಲ್ಲವನ್ನೂ ಎಬ್ಬಿಸಿ ನಡೆಸುವ ಆ ಶಿವನಿಗೆ ಮೊದಲ ಶರಣು.

ನಾನು ಕಂಪ್ಯೂಟರ್ ನೋಡಿಕೊಳ್ಳುವ ಕೆಲಸದವಳು. ಮಷೀನು ನೋಡಲು ಹೋದಾಗಲೆಲ್ಲ ಆತ ನನಗೆ ಮನುಷ್ಯರನ್ನು ತೋರಿಸಿ ಕಳಿಸುತ್ತಾನೆ. ಈ ವರ್ಷವೂ ಹಾಗೇ ಆಯಿತು.

ಡಾಕ್ಟರೊಬ್ಬರು ಸಿಂಧನೂರು, ಲಿಂಗಸುಗೂರು, ಮಸ್ಕಿ ಮೂರೂ ಕಡೆ ರಕ್ತ ಪರೀಕ್ಷೆಯ ಲ್ಯಾಬ್ ಇಟ್ಟಿದ್ದಾರೆ. ಒಂದೊಂದು ಲ್ಯಾಬಿನಲ್ಲೂ ಕಣ್ಣಿಗೆ ಕಾಣುವ ಕಂಪ್ಯೂಟರ್ ಪೆಟ್ಟಿಗೆ ಒಂದೇ. ಅದರೊಳಗೆ ಬೇರೆ ಬೇರೆ ಕಂಪ್ಯೂಟರುಗಳು ಬಾಡಿಗೆ ಮನೆಯವರಂತೆ ಇರುತ್ತವೆ. ಇವೇ ವರ್ಚುವಲ್ ಮಷೀನು. ಪ್ರತಿಯೊಂದೂ ಏಳುವಾಗ, ತನ್ನನ್ನು ಎಬ್ಬಿಸುವುದು ನಂಬಿಕಸ್ಥ ಸಾಫ್ಟ್‌ವೇರೇ ಎಂದು ಸರ್ಟಿಫಿಕೇಟ್ ನೋಡಿ ಖಾತ್ರಿ ಮಾಡಿಕೊಳ್ಳುತ್ತದೆ. ಅದಕ್ಕೆ ಸೆಕ್ಯೂರ್ ಬೂಟ್ ಎನ್ನುತ್ತಾರೆ. ಹಳೆಯ ಸರ್ಟಿಫಿಕೇಟುಗಳ ಮುದ್ದತ್ತು ಮುಗಿಯುತ್ತ ಬಂದಿತ್ತು, ಹೊಸವನ್ನು ಹಾಕಬೇಕಿತ್ತು. ಡಾಕ್ಟರು ಕೈಮುಗಿದು ಹೇಳಿದರು: "ಅಕ್ಕಾರ, ಎಷ್ಟೋ ವರ್ಷದ ರಿಪೋರ್ಟ್ ಅದಾವ ಅದರಾಗ. ಒಬ್ಬರದೂ ಹೋಗಬಾರದು ನೋಡ್ರಿ."

೧. ಸಿಂಧನೂರಿನ ಬೂಟು

ಹಿಂದಿನ ದಿನ ಲ್ಯಾಬಿಗೆ ಫೋನು ಮಾಡಿದಾಗ ಎತ್ತಿದ್ದು ಬಾಗಿಲು ಕಾಯುವ ಚಾಚಾ. "ನಾಳೆ ಸೆಕ್ಯೂರ್ ಬೂಟ್ ಕೆಲಸ ಅದ ಚಾಚಾ, ಹುಷಾರಾಗಿರ್ರಿ" ಎಂದೆ. ಮರುದಿನ ಹೋದರೆ ಬಾಗಿಲಲ್ಲಿ ಒಂದೂ ಚಪ್ಪಲಿ ಇಲ್ಲ. ಬಂದವರ ಬೂಟು, ಚಪ್ಪಲಿ ಎಲ್ಲ ಕಪಾಟಿನಲ್ಲಿಟ್ಟು ಬೀಗ ಜಡಿದು, ಒಬ್ಬೊಬ್ಬರ ಕೈಗೂ ಶಿಕ್ಕಾ ಹೊಡೆದ ಚೀಟಿ ಕೊಟ್ಟಿದ್ದ.

ಡಾಕ್ಟರು ಬರಿಗಾಲಲ್ಲಿ ನಿಂತು ಕೂಗುತ್ತಿದ್ದರು: "ಏ ಚಾಚಾ, ನನ್ನ ಬೂಟ್ ಕೊಡೋ! ಚೀಟಿ ಎಲ್ಲೋ ಬಿದ್ದದ!"

"ಚೀಟಿ ಇಲ್ದೆ ಆಗಂಗಿಲ್ಲ ಸಾಬ್."

"ನಾ ಇದರ ಮಾಲಕ್ ಅದೀನಿ!"

"ಮಾಲಕ್ ಅನ್ನಾವ್ರು ಮುಂಜಾನಿಂದ ಇಬ್ಬರು ಬಂದು ಹೋದ್ರು ಸಾಬ್."

ನಾನು ಬೆರಗಾಗಿ ನಿಂತೆ. ಸೆಕ್ಯೂರ್ ಬೂಟ್ ಮಾಡುವುದೂ ಇದನ್ನೇ: ಗುರುತು ತಾಳೆಯಾಗದಿದ್ದರೆ ಮಾಲಕನನ್ನೂ ನಂಬುವುದಿಲ್ಲ. ನಾನು ತಿಂಗಳುಗಟ್ಟಲೆ ಓದಿ ಕಲಿತದ್ದನ್ನು ಚಾಚಾ ಒಂದೇ ಫೋನಿನಲ್ಲಿ ಕಲಿತಿದ್ದ!

೨. ಲಿಂಗಸುಗೂರಿನ ಫೋಟೋ

ಅಲ್ಲಿ ಚೀಟಿ ಬರೆಯುವ ಹುಡುಗಿ ನನಗಾಗಿಯೇ ಕಾಯುತ್ತಿದ್ದಳು. ತಹಶೀಲ್ ಕಚೇರಿಗೆ ಓಡಾಡಿ ಪಳಗಿದವಳು. "ಸರ್ಟಿಫಿಕೇಟ್ ಅಂದ್ರಲ್ರೀ, ಎಲ್ಲಾ ತಯಾರ್ ಮಾಡೀನಿ" ಎಂದು ಲಕೋಟೆ ಕೊಟ್ಟಳು. ಒಳಗೆ ಆ ಪೆಟ್ಟಿಗೆಯ ಪಾಸ್‌ಪೋರ್ಟ್ ಸೈಜಿನ ಫೋಟೋ, ಎರಡು ಕಾಪಿ. ಹಿಂದೆ ನೀಲಿ ಪರದೆ ಬೇರೆ!

ನಗು ತಡೆದು, "ಇದು ಪೆಟ್ಟಿಗಿ ತಂಗೀ. ಸರ್ಟಿಫಿಕೇಟ್ ಬೇಕಾಗಿದ್ದು ಒಳಗಿನ ಐದು ಮಷೀನಿಗೆ" ಎಂದೆ.

ಬಗ್ಗಿ ನೋಡಿದಳು, ಹಿಂದೆ ಹೋಗಿ ನೋಡಿದಳು. "ಒಂದೂ ಕಾಣವಲ್ದಲ್ರೀ."

"ಕಾಣಂಗಿಲ್ಲ. ಆದ್ರ ಅದಾವ."

ಶಿವನ ಬಗ್ಗೆ ಹೇಳಿದಂತಾಯಿತಲ್ಲ ಎಂದು ನನಗೇ ಮೈ ಜುಮ್ಮೆಂದಿತು. ಅವಳು ಮಾತ್ರ ಗಂಭೀರವಾಗಿ ತಲೆಯಾಡಿಸಿದಳು: "ಹಂಗಂದ್ರ ಸರ್ಟಿಫಿಕೇಟ್ ಬೇಕೇ ಬೇಕು ಬಿಡ್ರಿ. ಇಲ್ಲಂದ್ರ ಅವು ಅದಾವ ಅಂತ ಯಾರು ನಂಬ್ತಾರ?"

೩. ಮಸ್ಕಿಯ ಮಂತ್ರ

ಮೂರೂ ಊರಿನ ಹಳೆಯ ರಿಪೋರ್ಟುಗಳಿದ್ದದ್ದು ಮಸ್ಕಿಯ ಮಷೀನಿನಲ್ಲಿ. ಹೊಸ ಸರ್ಟಿಫಿಕೇಟು ಹಾಕುವ ಮುನ್ನ ರಿಪೋರ್ಟುಗಳನ್ನು ಕಾಯುವ ಅದರ ಒಳಬೀಗವನ್ನು ಸ್ವಲ್ಪ ಹೊತ್ತು ತಡೆದಿಡಬೇಕಿತ್ತು, ಮರೆತೆ. ತಪ್ಪು ನನ್ನದೇ. ಬೀಗಕ್ಕೆ ಅನುಮಾನ ಬಂತು. ನಲವತ್ತೆಂಟು ಅಂಕಿಯ ಗುಟ್ಟಿನ ಕೀಲಿ ಹೇಳಿದರೆ ಮಾತ್ರ ತೆರೆಯುತ್ತೇನೆ ಎಂದು ಪರದೆಯ ಮೇಲೆ ಬರೆದು ಕೂತಿತು. ರಿಪೋರ್ಟುಗಳ ನಕಲು ಇತ್ತು, ಅದಕ್ಕೂ ಅದೇ ಬೀಗ.

ಡಾಕ್ಟರ ಮುಖ ಬಿಳಿಚಿತು. "ಆ ಕೀಲಿ ಬರೆದ ಹಾಳಿ ನಮ್ಮ ಅವ್ವನ ಕೈಯಾಗ ಕೊಟ್ಟೀನ್ರಿ!" ಲ್ಯಾಬಿನ ಹಿಂದೆಯೇ ಮನೆ. ಇಬ್ಬರೂ ಓಡಿದೆವು. ಹಾಳೆ ದೇವರ ಜಗಲಿಯ ಮೇಲೆ, ಲಿಂಗದ ಪಕ್ಕದಲ್ಲೇ ಇತ್ತು. ದಿನವೂ ಹಚ್ಚಿದ ವಿಭೂತಿ, ಮೇಲೆ ದೀಪದ ಎಣ್ಣೆ. ಒಂದಂಕಿಯೂ ಉಳಿದಿರಲಿಲ್ಲ. "ಶಿವನೇ, ಅಷ್ಟು ಮಂದಿಯ ರಿಪೋರ್ಟು" ಎಂದು ಅಲ್ಲೇ ಕೂತೆ.

ಅವ್ವ ಕೇಳಿದರು: "ಯಾಕ ತಂಗೀ, ಓದಾಕ ಬರವಲ್ದೇನು? ನಾ ಹೇಳ್ತೀನಿ, ಬರ್ಕೋ."

ಕಣ್ಣು ಮುಚ್ಚಿ ರಾಗವಾಗಿ ಶುರು ಮಾಡಿದರು: "ನಾಕು ಒಂದು ಏಳು, ಸೊನ್ನಿ ಎರಡು ಒಂದು..." ಎಲ್ಲೂ ತಡವರಿಸಲಿಲ್ಲ. ನಾನು ಬರೆದುಕೊಂಡೆ, ಅವ್ವನೂ ನಮ್ಮ ಹಿಂದೆಯೇ ಲ್ಯಾಬಿಗೆ ಬಂದರು. ಡಾಕ್ಟರು ಅಂಕಿ ಒತ್ತಿದರು. ಅಂಕಿಗಳ ಏಳನೆಯ ಗುಂಪು ತಪ್ಪು ಎಂದಿತು ಮಷೀನು.

"ನಂದು ತಪ್ಪಂಗಿಲ್ಲ. ನಿನ್ನ ಬೆರಳು ನೋಡ್ಕೋ" ಎಂದರು ಅವ್ವ.

ನೋಡಿಕೊಂಡರೆ ನಿಜ, ಆರರ ಜಾಗದಲ್ಲಿ ಒಂಬತ್ತು ಒತ್ತಿದ್ದರು. ತಿದ್ದಿದ ಕೂಡಲೇ ಮಷೀನು ತೆರೆಯಿತು. ರಿಪೋರ್ಟುಗಳು ಒಂದೂ ಬಿಡದೆ ಇದ್ದವು. ನಾನು ಅವ್ವನ ಕಾಲು ಮುಟ್ಟಿದೆ.

ಡಾಕ್ಟರು ಕಣ್ಣೊರೆಸಿಕೊಳ್ಳುತ್ತ ಕೇಳಿದರು: "ಇದನ್ನ ಯಾಕ ಬಾಯಿಪಾಠ ಮಾಡಿದಿ ಬೇ ಯವ್ವಾ?"

"ನೀನೇ ಅಂದಿದ್ದಿ ಅಲ್ಲೋ, ದಿನಾ ಜಪ ಮಾಡು ಅಂತ."

"ಜ್ವಾಪಾನ ಮಾಡು ಅಂದಿದ್ನೆವ್ವಾ!"

"ಹೌದಾ? ನನಗ ಜಪ ಅಂತ ಕೇಳಿಸ್ತಪಾ. ನೋಡಿದ್ರ ಎಂಟು ಗುಂಪು ಅದಾವ, ಅಷ್ಟಾವರಣ. ಒಂದೊಂದು ಗುಂಪಿನಾಗ ಆರು, ಷಡಕ್ಷರಿ. ಮಂತ್ರ ಅಲ್ದೆ ಮತ್ತೇನು ಅಂದ್ಕೊಂಡೆ."

ಇಷ್ಟು ವರ್ಷ ಆ ಕೀಲಿಗಳನ್ನು ನೋಡಿದ ನನಗೆ ಈ ಲೆಕ್ಕ ಎಂದೂ ಹೊಳೆದಿರಲಿಲ್ಲ. ಮೈಮೇಲೆ ಮುಳ್ಳೆದ್ದವು. ಆದರೂ ನನ್ನ ಕರ್ತವ್ಯ ನಾನು ಮಾಡಬೇಕಲ್ಲ. "ಅವ್ವಾರ, ಗುಟ್ಟಿನ ಕೀಲಿ ಬಾಯಿಂದ ಹೊರಗ ಬಂತಂದ್ರ ಬದಲಿ ಮಾಡಬೇಕ್ರಿ. ಹೊಸಾದು ಮಾಡ್ಕೊಡ್ತೀನಿ" ಎಂದೆ.

ಅವ್ವ ಮಗನ ಕಡೆ ತಿರುಗಿ ಮೆಲ್ಲಗೆ ಎಚ್ಚರಿಸಿದರು: "ಮಾಡ್ಲಿ ಬಿಡು. ಆದ್ರ ಆ ಹೊಸಾದನ್ನ ನಾ ಇನ್ನಾ ಒಂದ ಸಲಾನೂ ಜಪಿಸಿಲ್ಲ, ಕಚ್ಚಾ ಅದ. ಒಂದ ವರ್ಷ ಅದರ ಮ್ಯಾಲ ಭರೋಸಾ ಇಡಬ್ಯಾಡ."

ಇಷ್ಟು ಹೊತ್ತು ಕಿವಿಗೊಟ್ಟ ನಿಮ್ಮೆಲ್ಲರನ್ನೂ ಶಿವ ಚೆನ್ನಾಗಿಟ್ಟಿರಲಿ. ನಿಮ್ಮ ಮನೆಯವರೆಲ್ಲರ ರಿಪೋರ್ಟೂ ನಾರ್ಮಲ್ ಬರಲಿ.