ಮಾಡಿ ಕಲಿಯುವ ನಮಾಜು

ಉಗಾರ ಬುದ್ರುಕದಲ್ಲಿ ಶಾಲೆಯ ಹೆಣ್ಣುಮಕ್ಕಳಿಗೆ ನಮಾಜು ಕಲಿಸುವುದು ನನ್ನ ಕೆಲಸ. ಬಾಯಿಪಾಠ ಸಾಲದು, ಮಾಡಿಸಿಯೇ ಕಲಿಸಬೇಕು ಅನ್ನುವುದು ನನ್ನ ಹಟ. ಆ ಹಟದಿಂದಾಗಿ ವಾರಕ್ಕೊಮ್ಮೆಯಾದರೂ ದುಪಟ್ಟಾದಲ್ಲಿ ಬಾಯಿ ಮುಚ್ಚಿಕೊಂಡು ನಗಬೇಕಾಗುತ್ತದೆ.

ಮೂರು ಸಲ

ನಮಾಜಿಗೆ ಮುಂಚೆ ಕೈ, ಬಾಯಿ, ಮುಖ, ಕಾಲು ತೊಳೆಯುವುದೇ ವಜೂ. "ಒಂದೊಂದೂ ಮೂರು ಸಲ" ಎಂದು ಹೇಳಿ ಮಕ್ಕಳನ್ನು ನಳದ ಹತ್ತಿರ ಕಳಿಸಿದೆ. ಎಲ್ಲರೂ ಬಂದರು, ಎರಡನೇ ತರಗತಿಯವಳೊಬ್ಬಳು ಬರಲಿಲ್ಲ. ಹೋಗಿ ನೋಡಿದರೆ ಜಡೆಯಿಂದ ನೀರು ಸುರಿಯುತ್ತಿದೆ.

"ಇದೇನಬೇ, ಜಳಕಾ ಮಾಡಿದೇನ?"

"ಇಲ್ಲರಿ ಟೀಚರ. ಎರಡ ಆದಮ್ಯಾಗ ಮೂರ ಆತೋ ಇಲ್ಲೋ ಮರೀತೈತ್ರಿ. ಅದಕ ಮತ್ತ ಮೊದಲಿಂದ ಮಾಡಾಕತ್ತೀನಿ."

ನನ್ನ ದುಪಟ್ಟಾದಿಂದಲೇ ಅವಳ ತಲೆ ಒರೆಸಿದೆ. ಕಣ್ಣು ಪಿಳಿಪಿಳಿ ಬಿಟ್ಟು ಕೇಳಿದಳು: "ಒರಸೂದೂ ಮೂರ ಸಲ ಏನ್ರಿ?"

ಯಾವ ಟಾಕಿ?

ನಮಾಜಿಗೆ ಮೆಕ್ಕಾದ ಕಾಬಾದ ಕಡೆ ಮುಖ ಮಾಡಿ ನಿಲ್ಲಬೇಕು; ಆ ದಿಕ್ಕು ಗೊತ್ತಾಗಲೆಂದು, "ನಮ್ಮೂರಾಗ ನೀರಿನ ಟಾಕಿ ಕಡೆ ಮುಖ ಮಾಡ್ರಿ" ಎಂದಿದ್ದೆ. ರಜೆಗೆ ಅಂಕಲಿ ಊರಿನ ಸೋದರತ್ತೆಯ ಮನೆಗೆ ಹೋದ ಒಬ್ಬಳ ಫೋನು ಬಂತು.

"ಟೀಚರ, ಇಲ್ಲಿ ಎರಡ ಟಾಕಿ ಅದಾವ್ರಿ. ದೊಡ್ಡದರ ಕಡೆ ನಿಂದ್ರಲ್ಯಾ?"

ಎಲ್ಲಾ ಒಮ್ಮೆಲೆ

ಒಬ್ಬಳ ಅಜ್ಜಿ ದಿನಾ ಮೊಮ್ಮಗಳನ್ನು ಕರೆದೊಯ್ಯಲು ಬೇಗ ಬಂದು ಬಾಗಿಲಲ್ಲಿ ಕೂರುತ್ತಿದ್ದಳು. ಆಯುಷ್ಯವೆಲ್ಲ ಕಬ್ಬಿನ ಹೊಲದಲ್ಲಿ ದುಡಿದವಳು. ಒಂದು ದಿನ ಮೆಲ್ಲಗೆ ಅಂದಳು:

"ನನಗೂ ಕಲಸ್ತೀರೇನ್ರಿ? ಹಬ್ಬದಾಗ ಬಾಜೂದಾಕಿನ್ನ ನೋಡಿ ಮಾಡ್ತೀನ್ರಿ. ಆಕಿ ತಪ್ಪಿದ್ರ ನಾನೂ ತಪ್ಪತೀನಿ."

ಯಾರೂ ನಗಲಿಲ್ಲ. ಮಕ್ಕಳು ಸರಿದು ನಡುವೆ ಜಾಗ ಮಾಡಿದರು. ಮೊಮ್ಮಗಳೇ ಕೈ ಎಲ್ಲಿಡಬೇಕು, ಹ್ಯಾಗೆ ಬಾಗಬೇಕು ಎಂದು ಹೇಳಿಕೊಟ್ಟಳು. "ಮೊಣಕಾಲ ನೋವಿದ್ರ ಕುಂತ ಮಾಡು" ಎಂದರೂ ಅಜ್ಜಿ ಒಪ್ಪಲಿಲ್ಲ. ಕೊನೆಗೆ ಹಣೆ ನೆಲಕ್ಕೆ ಮುಟ್ಟಿಸುವ ಸಜ್ದಾ. ಅಲ್ಲಿ ಬೇಕಾದ್ದನ್ನು ಮನಸ್ಸಿನಲ್ಲೇ ದೇವರಲ್ಲಿ ಕೇಳಬಹುದು ಎಂದು ಮೊದಲೇ ಹೇಳಿದ್ದೆ.

ಮಕ್ಕಳೆಲ್ಲ ಎದ್ದರು. ಅಜ್ಜಿ ಏಳಲಿಲ್ಲ. ಮೊಮ್ಮಗಳ ಮುಖ ಬಾಡಿತು. ಓಡಿ ಹೋಗಿ ಬಗ್ಗಿ ಕೇಳಿದೆ: "ಏನಾತ್ರಿ ಅಜ್ಜಿ?"

ಹಣೆ ಎತ್ತದೆಯೇ ಅಜ್ಜಿ ಅಂದಳು:

"ಏನಿಲ್ಲವಾ, ಮೊಣಕಾಲ ಹಿಡಕೊಂಡಾವು. ಹ್ಯಾಂಗೂ ಏಳಾಕ ಬರವಲ್ದು, ಇಷ್ಟ ವರ್ಷ ಕೇಳದ ಬಿಟ್ಟದ್ದೆಲ್ಲಾ ಒಮ್ಮೆಲೆ ಕೇಳಾಕತ್ತೀನಿ. ಜರಾ ತಡೀರಿ, ಇನ್ನಾ ದೊಡ್ಡ ಸೊಸಿ ತನಕ ಬಂದೇನಿ!"