ಮನೆಯೊಳಗಿನ ‘ಹಿ’

ಗಂಡನಾದವನು ಸಂಸಾರದಲ್ಲಿ ಯಾವುದಕ್ಕೆ ಉಪಯೋಗಕ್ಕೆ ಬರುತ್ತಾನೆ ಎಂದು ಯಾರಾದರೂ ಕೇಳಿದರೆ ನಾನೀಗ ಎದೆ ತಟ್ಟಿ ಹೇಳಬಲ್ಲೆ: ಇಂಗ್ಲಿಷ್ ವಾಕ್ಯ ಮಾಡಲಿಕ್ಕೆ. ಉಳಿದ ಕೆಲಸಗಳಲ್ಲಿ ನನ್ನ ಕೀರ್ತಿ ಅಷ್ಟಕ್ಕಷ್ಟೆ. ಬದನೆಕಾಯಿ ತಂದರೆ ಒಳಗೆ ಹುಳ, ಮೊಳೆ ಹೊಡೆದರೆ ಗೋಡೆಯೇ ಉದುರುತ್ತದೆ. ಆದರೆ ಕ್ರಿಯಾಪದಗಳ ಮುಂದೆ ಕೂರಿಸಲು ನನ್ನಂಥವನು ಇಡೀ ಸೋಲಾಪುರದಲ್ಲಿ ಸಿಗಲಿಕ್ಕಿಲ್ಲ.

ಇದೆಲ್ಲ ಶುರುವಾದದ್ದು ನನ್ನ ಹೆಂಡತಿ ಮಹಾದೇವಿಯಿಂದ. ಅವಳ ತವರು ಅಕ್ಕಲಕೋಟೆಯಲ್ಲಿ ಚಿಕ್ಕ ಮಕ್ಕಳ ಇಂಗ್ಲಿಷ್ ಶಾಲೆಯೊಂದಕ್ಕೆ ಬಾಯಿ, ಅಂದರೆ ಟೀಚರ್, ಬೇಕಾಗಿದ್ದರು. ಮಕ್ಕಳನ್ನು ಸಂಭಾಳಿಸುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ನನ್ನನ್ನೇ ಇಷ್ಟು ವರ್ಷ ಸಂಭಾಳಿಸಿದ್ದಾಳೆ. ಆದರೆ ಸಂದರ್ಶನ ಇಂಗ್ಲಿಷಿನಲ್ಲಿ. “ಈ ಚಾನ್ಸ್ ಹೋದ್ರ ಮತ್ತ ಬರೂದಿಲ್ರಿ. ಸಾಲಿ ಬಾಯಿ ಆಗಬೇಕಂತ ಲಗ್ನಕ್ಕಿಂತ ಮೊದ್ಲಿಂದ ಆಸೆ ನಂದು” ಎಂದಾಗ ಅವಳ ಕಣ್ಣು ತುಂಬಿತ್ತು. ನಾನೇ ಹೋಗಿ ನಮ್ಮ ಓಣಿಯ ಇಂಗ್ಲಿಷ್ ಕ್ಲಾಸಿಗೆ ಅವಳ ಹೆಸರು ಹಚ್ಚಿ ಬಂದೆ.

ಕ್ಲಾಸಿನ ಪುಸ್ತಕದ ತುಂಬ ಅನಿಲ ಎಂಬವನೊಬ್ಬ ಓಡುತ್ತಿದ್ದ, ಓಡಿದ್ದ, ಓಡಲಿದ್ದ. ಮಹಾದೇವಿಗೆ ಅದು ಸರಿಬರಲಿಲ್ಲ.

“ಈ ಅನಿಲ ಯಾರೋ ಏನೋ! ಮುಂಜಾನಿಂದ ಸಂಜೀತನಾ ಮಂದಿ ಗಂಡಸಿನ ಹೆಸರು ನಾ ಯಾಕ ತಗೋಲಿ?”

“ಹಂಗಾರ ನನ್ನ ಹೆಸರು ತಗೋ.”

“ಅಯ್ಯ, ಏನರ ಒಂದು ಮಾತಾಡ್ತೀರಿ!” ಎಂದು ಸೆರಗು ಬಾಯಿಗೆ ಹಚ್ಚಿದಳು.

ನಮ್ಮ ಕಡೆ ಹೆಂಡತಿ ಗಂಡನ ಹೆಸರನ್ನು ಹಾಗೆ ಬರಿಬಾಯಲ್ಲಿ ಹೇಳುವುದಿಲ್ಲ. ಮದುವೆಮನೆಯಲ್ಲಿ ಯಾರಾದರೂ ಹೊಸ್ತಿಲಿಗೆ ಅಡ್ಡ ನಿಂತು ಹಟ ಹಿಡಿದರೆ ಪ್ರಾಸ ಕೂಡಿಸಿ, ಒಡಪು ಕಟ್ಟಿ, ಅದರೊಳಗೆ ಹೆಸರನ್ನು ಸೇರಿಸಿ ಹೇಳಿ ಒಳಗೆ ಓಡುತ್ತಾಳೆ. ಹೀಗಾಗಿ ಅನಿಲನೂ ಹೋದ, ನನ್ನ ಹೆಸರೂ ಬರಲಿಲ್ಲ. ನಾನು ಬರೀ ‘ಹಿ’ ಆದೆ.

ಅಭ್ಯಾಸ ರೊಟ್ಟಿ ಬಡಿಯುವಾಗ ನಡೆಯುತ್ತಿತ್ತು. “ಹಿ ಈಟ್ಸ್” ಎಂದು ಒಂದು ಬಡಿತ, “ಹಿ ಏಟ್” ಎಂದು ಇನ್ನೊಂದು. “ಹಿ ಹ್ಯಾಸ್ ಈಟನ್” ಎಂದವಳೇ ನನ್ನ ತಾಟು ಎತ್ತಿಬಿಟ್ಟಳು. ಇನ್ನೊಂದು ರೊಟ್ಟಿ ಬೇಕಿತ್ತಲ್ಲ ಎಂದರೆ, “ವಾಕ್ಯ ಮುಗೀತಲ್ರಿ” ಎಂದಳು. ‘ಬ್ರೇಕ್, ಬ್ರೋಕ್’ ಆದಮೇಲೆ ಮಾತ್ರ ಅವಳ ಗಾಡಿ ದಿನಾಲೂ ನಿಲ್ಲುತ್ತಿತ್ತು; ಮೂರನೆಯದು ನಾಲಿಗೆಗೆ ಬರುತ್ತಲೇ ಇರಲಿಲ್ಲ.

ಇಷ್ಟು ಮನೆಯೊಳಗೇ ಉಳಿದಿದ್ದರೆ ನಾನು ತಕರಾರು ಮಾಡುತ್ತಿರಲಿಲ್ಲ. ಒಂದು ದಿನ ಮೆಟ್ಟಿಲಲ್ಲಿ ಎದುರಾದ ಪಕ್ಕದ ಮನೆಯ ಶಾಲಿನಿ ಕಾಕು, “ಕಾಯ ಹೋ, ನಳ ದುರುಸ್ತ ಝಾಲಾ ಕಾ?” ಎಂದು, ನಲ್ಲಿ ರಿಪೇರಿ ಆಯಿತೇ ಎಂದು ಮರಾಠಿಯಲ್ಲಿ ಕೇಳಿ ನಕ್ಕರು. ನಮ್ಮ ಬಚ್ಚಲಿನ ನಲ್ಲಿ ಸೋರುವುದು ಇವರಿಗೆ ಹೇಗೆ ಗೊತ್ತು? ಕಾಕು ಅದೇ ಕ್ಲಾಸಿನವರು. ಭವಿಷ್ಯತ್ಕಾಲಕ್ಕೆಂದು ಮಹಾದೇವಿ ಅಲ್ಲಿ ದಿನಾ ಹೇಳುತ್ತಿದ್ದ ವಾಕ್ಯ, “ಹಿ ವಿಲ್ ರಿಪೇರ್ ದ ಟ್ಯಾಪ್.”

“ನಾಕು ಮಂದ್ಯಾಗ ನನ್ನ ಮರ್ಯಾದಿ ತಗ್ಯಾಕತ್ತೀಯೇನು?” ಎಂದು ರೇಗಿದೆ.

“ಹೊಗಳಿದ್ದೂ ಐತಲ್ರಿ. ಹಿ ವಾಸ್ ಥಿನ್.”

ಸಂದರ್ಶನದ ದಿನ ಇಬ್ಬರೂ ಬಸ್ಸಿನಲ್ಲಿ ಅಕ್ಕಲಕೋಟೆಗೆ ಹೋದೆವು. ಶಾಲೆಯ ಪಡಸಾಲೆಯ ಬೆಂಚಿನಲ್ಲಿ ನಾನು, ತೆರೆದ ಬಾಗಿಲೊಳಗೆ ಹೆಡ್‌ಬಾಯಿಯ ಎದುರು ಅವಳು. ಕೇಳಿದ್ದಕ್ಕೆಲ್ಲ ಪಟಪಟ ಉತ್ತರ ಬರುತ್ತಿತ್ತು. ಕೆಲಸ ಸಿಕ್ಕಂತೆಯೇ ಎಂದು ನಾನು ಕಾಲು ಚಾಚಿದೆ. ಆಗ ಹೆಡ್‌ಬಾಯಿ ಫಾರ್ಮಿನ ಮೇಲೆ ಪೆನ್ನಿಟ್ಟು, “ಹಸ್ಬೆಂಡ್ಸ್ ನೇಮ್?” ಎಂದರು.

ಮಹಾದೇವಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತತೊಡಗಿದಳು. ಎಲ್ಲ ಕಾಲಗಳನ್ನೂ ಬಾಯಿಪಾಠ ಮಾಡಿದ ನಾವು ನನ್ನ ಹೆಸರೊಂದನ್ನೇ ಬಿಟ್ಟಿದ್ದೆವು! ಅವಳ ಅಷ್ಟು ವರ್ಷದ ಆಸೆ ಈ ದರಿದ್ರ ಹೆಸರಿಗೆ ಸಿಕ್ಕಿಕೊಂಡಿತಲ್ಲ ಎಂದು ನಾನೇ ಕೂಗಿ ಹೇಳಲು ಎದ್ದು ನಿಂತೆ. ಅಷ್ಟರಲ್ಲಿ ಮಹಾದೇವಿ ತಲೆಯ ಮೇಲೆ ಸೆರಗು ಹೊದ್ದುಕೊಂಡಳು, ನೆಲ ನೋಡಿದಳು, ಹೊಸ್ತಿಲಲ್ಲಿ ನಿಂತ ಮದುಮಗಳ ಹಾಗೆ ರಾಗ ಎಳೆದಳು:

“ಗೋ ವೆಂಟ್ ಗಾನ್, ಡೂ ಡಿಡ್ ಡನ್,
ಶಿವಶರಣಪ್ಪ ಈಸ್ ಮೈ ನಂಬರ್ ವನ್!”

ಹೆಡ್‌ಬಾಯಿ ಪೆನ್ನು ಕೆಳಗಿಟ್ಟು ಚಪ್ಪಾಳೆ ತಟ್ಟಿದರು. “ಅಗಬಾಯಿ! ಇಂಗ್ಲಿಷಿನಾಗ ಒಡಪಾ! ನಮ್ಮ ಮಕ್ಕಳಿಗೆ ಹಿಂಗ ಹಾಡಿ ಕಲಿಸೋರೇ ಬೇಕಾಗಿತ್ರಿ. ಸೋಮವಾರ ಬರ್ರಿ.”

ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಬಸ್ಸಿನಲ್ಲಿ, “ಇನ್ನೊಮ್ಮೆ ಹೇಳು” ಎಂದು ಗೋಗರೆದೆ. “ಮಂದಿ ನೋಡಾಕತ್ತಾರ, ಸುಮ್ಮ ಕೂಡ್ರಿ” ಎಂದು ಕಿಟಕಿಯಾಚೆ ಮುಖ ತಿರುಗಿಸಿ ನಕ್ಕಳು.

ನಂಬರ್ ವನ್ ಆದವನಿಗೆ ಒಂದು ಜವಾಬ್ದಾರಿ ಇರುತ್ತದೆ. ಮನೆಗೆ ಬಂದವನೇ ಅಂಗಿ ಕಳಚಿ, ನಲ್ಲಿ ತಿರುವುವ ಪಾನಾ ಹಿಡಿದು ಬಚ್ಚಲಿಗೆ ನುಗ್ಗಿದೆ. ಒಮ್ಮೆ ತಿರುವಿದೆ, ಅಲುಗಲಿಲ್ಲ. ಅಭಿಮಾನ ಕೂಡಿಸಿ ಇನ್ನೊಮ್ಮೆ ತಿರುವಿದೆ. ನಲ್ಲಿ ಕಿತ್ತು ಕೈಗೆ ಬಂತು, ನೀರು ಚಾವಣಿಗೆ ಚಿಮ್ಮಿತು. ನನ್ನ ಕೂಗಿಗೆ ಮಹಾದೇವಿ ಓಡಿ ಬಂದಳು, ಅವಳ ಹಿಂದೆ ಶಾಲಿನಿ ಕಾಕು, “ಕಾಯ ಝಾಲಂ?” ಎನ್ನುತ್ತ.

ಮಹಾದೇವಿ ಸೆರಗು ಸಿಕ್ಕಿಸಿಕೊಂಡು, ಎಲ್ಲೂ ತಡವರಿಸದೆ ಹೇಳಿದಳು: “ಹಿ ಹ್ಯಾಸ್ ಬ್ರೋಕನ್ ದ ಟ್ಯಾಪ್.”

ತೊಯ್ದು ತೊಪ್ಪೆಯಾಗಿ ನಿಂತಿದ್ದ ನಾನು ನಲ್ಲಿಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು, “ಕರೆಕ್ಟ್” ಎಂದೆ.